ಮೊದಲ ಬಚ್ಚಲು ಯಾರಿಗೆ?

ಹಳೆಯ ಮನೆಯನ್ನು ಹೇಗಿದೆಯೋ ಹಾಗೇ ಉಳಿಸಿಕೊಳ್ಳಬೇಕೆಂದು ಉಪದೇಶ ಮಾಡುವವರನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಸ್ವಾಮಿ, ಆ ಮನೆಯ ಬಚ್ಚಲಿನಲ್ಲಿ ತಾವು ವರ್ಷಕ್ಕೆ ಎಷ್ಟು ದಿನ ಸ್ನಾನ ಮಾಡುತ್ತೀರಿ? ದೀಪಾವಳಿಗೆ ಎರಡು ದಿನ, ಮಕ್ಕಳ ಬೇಸಿಗೆ ರಜೆಯಲ್ಲಿ ನಾಲ್ಕು ದಿನ, ಊರ ಸುಗ್ಗಿಗೆ ಬಂದರೆ ಇನ್ನೊಂದು ದಿನ. ಆ ಏಳು ದಿನವೂ ತಾವು ಬಚ್ಚಲಿಗೆ ಕಾಲಿಡುವ ಹೊತ್ತಿಗೆ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ, ತಣ್ಣೀರಿನ ತೊಟ್ಟಿ ತುಂಬಿರುತ್ತದೆ, ಟವೆಲ್ಲು ಗಳುವಿನ ಮೇಲೆ ಬೆಚ್ಚಗೆ ಕಾದಿರುತ್ತದೆ. ಇದನ್ನೆಲ್ಲ ಯಾರು ಮಾಡಿಟ್ಟರು ಎಂದು ಕೇಳುವಷ್ಟರಲ್ಲಿ ತಮ್ಮ ರಜೆ ಮುಗಿದುಹೋಗುತ್ತದೆ. ಮಿಕ್ಕ ಮುನ್ನೂರೈವತ್ತೆಂಟು ದಿನ ಆ ಬಚ್ಚಲಿನ ಜೊತೆ ಸಂಸಾರ ಮಾಡುವವರು ಮನೆಯ ಹೆಂಗಸರು. ಹಳೆಯ ಮನೆಗಳ ಬಗ್ಗೆ ಬಣ್ಣದ ಚಿತ್ರ ಹಾಕಿ ಬರೆಯುವ ಲೇಖನಗಳಲ್ಲಿ ಕಂಬ ಇರುತ್ತದೆ, ತೊಟ್ಟಿ ಇರುತ್ತದೆ, ಕೆತ್ತನೆಯ ಬಾಗಿಲು ಇರುತ್ತದೆ. ಬಚ್ಚಲು ಇರುವುದಿಲ್ಲ. ಕಕ್ಕಸಂತೂ ಆ ಮನೆಯಲ್ಲಿ ಯಾರಿಗೂ ಬೇಕಾಗಿಯೇ ಇರಲಿಲ್ಲವೇನೋ ಎಂಬಂತೆ ಮಾಯವಾಗಿರುತ್ತದೆ!

ನಮ್ಮದು ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆಯ ಮನೆ. ಹೆಸರು ಕೇಳಿ ಬಿಸಿಲಿನ ಊರೆಂದು ತಿಳಿದು ಬಂದವರು ಆರಿದ್ರಾ ಮಳೆಗೆ ಕೊಡೆ ಮುರಿದುಕೊಂಡು ವಾಪಸು ಹೋಗಿದ್ದಾರೆ. ಜೂನಿನಲ್ಲಿ ಹಿಡಿದ ಮಳೆ ಪುನರ್ವಸು, ಪುಷ್ಯ, ಆಶ್ಲೇಷ ಕಳೆಯುವವರೆಗೂ ಬಿಡುವುದಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವ ಅಭ್ಯಾಸವನ್ನೇ ನಾವು ಬಿಟ್ಟಿದ್ದೇವೆ. ಮನೆ ತೊಟ್ಟಿ ಮನೆ; ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ಹಲಸಿನ ಕಂಬ, ಮೇಲೆ ಮಂಗಳೂರು ಹೆಂಚು. ಬಚ್ಚಲುಮನೆ ಹಿಂಬದಿಯಲ್ಲಿ. ಒಂದು ಮೂಲೆಯಲ್ಲಿ ಮಣ್ಣಿನ ಕಟ್ಟೆಗೆ ಹೂತ ತಾಮ್ರದ ಹಂಡೆ, ಅದರ ಕೆಳಗೆ ನೀರೊಲೆ, ಒಲೆಯ ಬಾಯಿ ಬಚ್ಚಲಿನ ಒಳಕ್ಕೇ. ಸ್ನಾನಕ್ಕೆ ನಿಲ್ಲುವುದು ಚಪ್ಪಡಿ ಕಲ್ಲಿನ ಮೇಲೆ. ಮಳೆಗಾಲದಲ್ಲಿ ಆ ಕಲ್ಲಿಗೆ ಎಷ್ಟು ತಿಕ್ಕಿದರೂ ಎಂಟು ದಿನಕ್ಕೆ ಪಾಚಿ. ಕಿಟಕಿಯ ಬದಲು ಗೋಡೆಯಲ್ಲೊಂದು ಗೂಡು. ಬಾಗಿಲಿಗೆ ಅಂಗೈ ಎತ್ತರದ ಹೊಸ್ತಿಲು. ಕಕ್ಕಸು ಇರುವುದು ಹಿತ್ತಿಲ ಬಾಗಿಲಿನಿಂದ ಮೂವತ್ತು ಹೆಜ್ಜೆ ಆಚೆ, ಕೊಟ್ಟಿಗೆ ದಾಟಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಎಣಿಸಿದ ಹೆಜ್ಜೆಗಳು ಇವು.

ಹಂಡೆಯ ಬಗ್ಗೆ ನನಗೆ ದ್ವೇಷವಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಡಿಮಳೆಯಲ್ಲಿ ತೋಟದಿಂದ ಬಂದು, ಕಾಲಿಗೆ ಕಚ್ಚಿದ ಇಂಬಳ ಕಿತ್ತೆಸೆದು, ಹಂಡೆಯ ನೀರು ಬೆನ್ನಿಗೆ ಸುರಿದುಕೊಳ್ಳುವ ಸುಖ ಯಾವ ಗೀಸರಿನಲ್ಲೂ ಇಲ್ಲ. ಮತ್ತಿ ಸೊಪ್ಪಿನ ಲೋಳೆ ಹಚ್ಚಿ ತಲೆಗೆರೆದುಕೊಂಡ ದಿನ ಕೂದಲಿಗೆ ಅಂಟುವ ಹೊಗೆಯ ವಾಸನೆ ನನ್ನ ಮಗಳಿಗೆ ಇಂದಿಗೂ ತವರಿನ ವಾಸನೆ. ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆ ಫಳಫಳ ಹೊಳೆಯುವಾಗ, ಅದರ ಕೊರಳಿಗೆ ಬಳ್ಳಿ ಸುತ್ತಿದಾಗ, ನನಗೂ ಕೈ ಮುಗಿಯಬೇಕೆನಿಸುತ್ತದೆ. ಆದರೆ ಆ ಹಂಡೆ ತುಂಬಲು ಇಪ್ಪತ್ತು ಕೊಡ ನೀರು ಬೇಕು. ಗುಡ್ಡದ ಮೇಲಿನ ಒರತೆಯಿಂದ ಪೈಪು ಬರುವ ತನಕ ಅಷ್ಟನ್ನೂ ಬಾವಿಯಿಂದ ಸೇದಿ ಹೊತ್ತವರು ನನ್ನ ಅತ್ತೆ. ದಿನಕ್ಕೆ ಇಪ್ಪತ್ತು ಕೊಡವೆಂದರೆ ವರ್ಷಕ್ಕೆ ಏಳು ಸಾವಿರದ ಮುನ್ನೂರು ಕೊಡ. ಹಬ್ಬದ ದಿನ ಪೂಜೆಗೆ ಕೂತದ್ದು ಹಂಡೆ. ಅತ್ತೆಯ ಬೆನ್ನಿಗೆ ಯಾರೂ ಬಳ್ಳಿ ಸುತ್ತಲಿಲ್ಲ.

ಬಚ್ಚಲು ಸರಿಪಡಿಸೋಣವೆಂದು ಮಾತೆತ್ತಿದಾಗಲೆಲ್ಲ ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಹೇಳುತ್ತಿದ್ದದ್ದು ಒಂದೇ: "ಮನೆಯ ಕಳೆ ಹೋಗುತ್ತಮ್ಮ, ಮುಟ್ಟಬೇಡಿ." ಎಂಥ ಕಳೆ? ಈ ಮನೆಯಲ್ಲಿ ಬದಲಾಗದೆ ಉಳಿದ ವಸ್ತು ಯಾವುದಿದೆ? ಮಂಗಳೂರು ಹೆಂಚನ್ನೇ ತೆಗೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಅದು. ಅದಕ್ಕೂ ಮೊದಲು ಈ ಕಡೆಯ ಮನೆಗಳಿಗೆ ಹುಲ್ಲಿತ್ತು, ನಾಡಹೆಂಚಿತ್ತು. ಹುಲ್ಲು ತೆಗೆದು ಹೆಂಚು ಹೊದಿಸಿದ ದಿನ ಕಳೆ ಹೋಯಿತೆಂದು ಯಾರಾದರೂ ಅತ್ತರೇ? ಸಗಣಿ ಸಾರಿಸಿದ ನೆಲ ಹೋಗಿ ಕೆಂಪು ರೆಡ್ ಆಕ್ಸೈಡ್ ನೆಲ ಬಂತು. ಜಗಲಿಗೆ ಟೆಲಿಫೋನು ಬಂತು, ಹೆಂಚಿನ ಮೇಲೆ ಟಿ.ವಿ.ಯ ತಟ್ಟೆ ಬಂತು, ಗಾಡಿ ಕೊಟ್ಟಿಗೆಯಲ್ಲಿ ಜೀಪು ನಿಂತಿತು, ಕಣಕ್ಕೆ ಸಿಮೆಂಟು ಬಿತ್ತು. ಗಂಡಸರು ಓಡಾಡುವ ಜಾಗವೆಲ್ಲ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಹೆಂಗಸರು ದುಡಿಯುವ ಹಿಂಬದಿ ಮಾತ್ರ ಪರಂಪರೆಯಾಗಿ ಉಳಿಯಬೇಕು! ಪರಂಪರೆ ನೋಡುವ ಆಸೆಯಿದ್ದರೆ ಕುಪ್ಪಳಿಯ ಕವಿಮನೆಗೆ ಹೋಗಿ ಬನ್ನಿ. ಚೆನ್ನಾಗಿ ಕಾಪಾಡಿದ್ದಾರೆ, ನಾನೂ ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಅದು ವಸ್ತುಸಂಗ್ರಹಾಲಯ. ಅಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬಳು ರಾತ್ರಿ ಎರಡು ಗಂಟೆಗೆ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋಗಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಹೋಗಬೇಕು. ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಪುಷ್ಯ ಮಳೆಯ ಒಂದು ಸಂಜೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಬಿದ್ದದ್ದು ಬಾಗಿಲಿಗೆ ಒರಗಿ. ಹಳೆಯ ಮನೆಗಳ ಬಚ್ಚಲ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ, ನಿಮ್ಮ ಮನೆಯದನ್ನೂ ಒಮ್ಮೆ ಹೋಗಿ ನೋಡಿಕೊಳ್ಳಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ. ದಬ್ಬಿದರೆ ಅವರ ಮುರಿದ ಸೊಂಟಕ್ಕೇ ಪೆಟ್ಟು. ಹೊರಗೆ ನಿಂತ ನಮಗೆ ಅವರ ನರಳಾಟ ಕೇಳುತ್ತಿತ್ತು. ಒಲೆಯ ಬೆಂಕಿ ಅವರ ಸೀರೆಯಿಂದ ಎಷ್ಟು ದೂರದಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಯಜಮಾನರು, ಲೈನಿನಿಂದ ಓಡಿಬಂದ ಇಬ್ಬರು ಆಳುಗಳು ಸೇರಿ ಉಳಿ, ಸುತ್ತಿಗೆ ಹಿಡಿದು ಬಾಗಿಲಿನ ಕೀಲು ಕಳಚಲು ಮುಕ್ಕಾಲು ಗಂಟೆಯಾಯಿತು. ಗಟ್ಟಿಮುಟ್ಟಾದ ಬಾಗಿಲು ನೋಡಿ, ಹಳೆಯ ಕಾಲದ ಕೆಲಸ! ಆಮೇಲೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಆ ಮಳೆಯಲ್ಲಿ ಆ ಗುಂಡಿಯ ರಸ್ತೆಯಲ್ಲಿ ಸಕಲೇಶಪುರ, ಅಲ್ಲಿಂದ ಹಾಸನ. ಮೂಳೆ ಡಾಕ್ಟರು ಎಕ್ಸರೇ ನೋಡುವ ಮೊದಲೇ ಕೇಳಿದರು, "ಬಚ್ಚಲಲ್ಲಿ ಬಿದ್ದರಾ?" ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಸುದ್ದಿ ತಿಳಿದು ಬೆಂಗಳೂರಿನಿಂದ ಬಂದ ಭಾವನವರು ಹಾಸಿಗೆಯ ಪಕ್ಕ ಕೂತು, "ವಯಸ್ಸಾದ ಮೇಲೆ ಬೀಳೋದು ಸಹಜ" ಎಂದರು. ಸಹಜವಂತೆ! ಪಾಚಿಗಟ್ಟಿದ ಕಲ್ಲು ಸಹಜ, ಅಂಗೈ ಎತ್ತರದ ಹೊಸ್ತಿಲು ಸಹಜ, ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲದ ಗೋಡೆ ಸಹಜ, ಗವ್ವೆನ್ನುವ ಕತ್ತಲೆ ಸಹಜ. ಅವರ ಬೆಂಗಳೂರಿನ ಫ್ಲಾಟಿನ ಬಾತ್‌ರೂಮಿನಲ್ಲಿ ಇವು ಒಂದೂ ಇಲ್ಲ, ಅದೂ ಸಹಜವೇ ಇರಬೇಕು.

ರಾತ್ರಿಯ ಮಾತಿಗೆ ಬರುತ್ತೇನೆ. ಇದು ನಾವು ಹೆಂಗಸರು ನಮ್ಮನಮ್ಮಲ್ಲೇ ಪಿಸುಗುಟ್ಟಿಕೊಳ್ಳುವ ವಿಷಯ. ಬರೆದರೆ ಅಸಹ್ಯವೆನ್ನುತ್ತಾರೆ, ಅನ್ನಲಿ. ಕಕ್ಕಸು ಮನೆಯ ಹೊರಗಿರುವ ಊರಿನಲ್ಲಿ ಹೆಂಗಸರು ಸಂಜೆ ಐದರ ಮೇಲೆ ನೀರು ಕುಡಿಯುವುದಿಲ್ಲ. ಬಾಯಾರಿದರೂ ತಡೆದುಕೊಳ್ಳುತ್ತಾರೆ. ನಡುರಾತ್ರಿ ಎಚ್ಚರವಾದರೂ ಬೆಳಗಿನ ತನಕ ತಡೆದುಕೊಳ್ಳುತ್ತಾರೆ. ಉರಿಮೂತ್ರ ಬಂದರೆ ಉಷ್ಣವೆಂದು ಜೀರಿಗೆ ನೀರು ಕುಡಿಯುತ್ತಾರೆ. ಬಸುರಿಯರೂ ಬಾಣಂತಿಯರೂ ಮುಟ್ಟಾದವರೂ ಇದೇ ದಾರಿಯಲ್ಲಿ ಟಾರ್ಚು ಹಿಡಿದು ನಡೆದಿದ್ದಾರೆ. ಗಂಡಸರಿಗೆ ಈ ಮೂವತ್ತು ಹೆಜ್ಜೆ ಎಂದೂ ಲೆಕ್ಕಕ್ಕೆ ಬಂದದ್ದಿಲ್ಲ. ಅವರಿಗೆ ಜಗಲಿಯ ತುದಿಯೇ ಸಾಕು.

ಈಗ ಆ ದಾರಿಗೆ ಆನೆಯೂ ಬಂದಿದೆ. ಆಲೂರು, ಸಕಲೇಶಪುರದ ಆನೆಗಳ ಕಥೆ ನೀವು ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ಹೈಕೋರ್ಟು ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು, ಅದಾದ ಮೇಲೆ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರು. ಆನೆಗಳ ಕಾಟ ಮಾತ್ರ ನಿಂತಿಲ್ಲ. ಭತ್ತದ ಗದ್ದೆಗೆ ಬರುತ್ತವೆ, ಬಾಳೆಗೆ ಬರುತ್ತವೆ, ಹಲಸು ಹಣ್ಣಾಗುವ ಕಾಲಕ್ಕೆ ಹಿತ್ತಿಲಿಗೇ ಬರುತ್ತವೆ. ಆನೆ ಯಾವ ಕಡೆ ಇದೆಯೆಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ, ತೋಟಕ್ಕೆ ಹೋಗುವವರು ಹುಷಾರಾಗಿರಬೇಕೆನ್ನುತ್ತದೆ. ಕಕ್ಕಸಿಗೆ ಹೋಗುವವರು? ನಮ್ಮ ನೆರೆಯಲ್ಲೊಬ್ಬ ಹೆಣ್ಣುಮಗಳು ಒಳಗೆ ಚಿಲಕ ಹಾಕಿಕೊಂಡು, ಹೊರಗೆ ಹಲಸಿನ ಮರದ ಕೊಂಬೆ ಲಟಲಟ ಮುರಿಯುವುದನ್ನು ಕೇಳುತ್ತ, ಬೆಳಕು ಹರಿಯುವ ತನಕ ಕೂತಿದ್ದಳು. ಅದನ್ನು ನಗುತ್ತಲೇ ಹೇಳಿದಳು. ಕೇಳಿದ ನಾವೂ ನಕ್ಕೆವು. ಮತ್ತೇನು ಮಾಡುವುದು?

ಹಾಗಾದರೆ ನಮ್ಮ ಮನೆಯಲ್ಲಿ ಹೊಸ ಬಾತ್‌ರೂಮು ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ಇವೆ, ಮೂರು! ನನ್ನ ಮೈದುನ ಕಾಫಿಯ ಧಾರಣೆ ನಂಬಿಕೊಂಡು ಕೂತರೆ ಆಗುವುದಿಲ್ಲವೆಂದು ಹೋಂಸ್ಟೇ ಮಾಡಿದ. ಅವನ ಯೋಚನೆ ತಪ್ಪೆಂದು ನಾನು ಹೇಳುವುದಿಲ್ಲ. ಬಿಸಿಲೆಯ ವ್ಯೂ ಪಾಯಿಂಟಿಗೆ, ಕುಮಾರ ಪರ್ವತ ನೋಡಲಿಕ್ಕೆ ಬರುವ ಜನ ಬರುತ್ತಲೇ ಇದ್ದಾರೆ. ಅವರಿಗೆಂದು ಕಣಜದ ಕೋಣೆಯನ್ನೂ ಅದರ ಪಕ್ಕದ ಎರಡು ಕೋಣೆಗಳನ್ನೂ ಒಡೆದು, ಒಂದೇ ಬೇಸಿಗೆಯಲ್ಲಿ ಮೂರು ಅಟ್ಯಾಚ್ಡ್ ಬಾತ್‌ರೂಮು ಎದ್ದವು. ಹೊಳೆಯುವ ಟೈಲ್ಸು, ಗಾಜಿನ ತಡಿಕೆ, ಕೂರುವ ಕಮೋಡು, ತಲೆಯ ಮೇಲೆ ಮಳೆಯಂತೆ ಸುರಿಯುವ ಅಗಲ ಷವರು. ಬಿಸಿಲೆಯಲ್ಲಿ ದುಡ್ಡು ಕೊಟ್ಟು ಮನೆಯೊಳಗೆ ಮಳೆ ಹೊಯ್ಯಿಸಿಕೊಳ್ಳುವವರನ್ನು ನಾನು ಆಗಲೇ ಮೊದಲು ನೋಡಿದ್ದು. ಬ್ಯಾಂಕಿನ ಸಾಲ ಸಿಕ್ಕಿತು, ಮೇಸ್ತ್ರಿ ಸಿಕ್ಕಿದ, ನಲವತ್ತು ವರ್ಷದಿಂದ ಸಿಗದ ಪುರುಸೊತ್ತೂ ಸಿಕ್ಕಿತು. ಒಂದನ್ನು ಅತ್ತೆಗೆ ಬಿಟ್ಟುಕೊಡಪ್ಪ ಎಂದೆ.

"ಅತ್ತಿಗೆ, ಅದು ಇನ್ವೆಸ್ಟ್‌ಮೆಂಟು" ಎಂದ.

ಅವನು ಕೆಟ್ಟವನಲ್ಲ, ತಾಯಿಯನ್ನು ಆಸ್ಪತ್ರೆಯಲ್ಲಿ ಹದಿನೈದು ದಿನ ಕಾದವನು. ಆದರೆ ಅವನ ಲೆಕ್ಕದ ಪುಸ್ತಕದಲ್ಲಿ ಎರಡು ದಿನ ಇದ್ದು ಹೋಗುವವರ ಸ್ನಾನ ಬಂಡವಾಳ, ಆರು ದಶಕ ಈ ಮನೆಯಲ್ಲಿ ಬೆಂದವಳ ಸೊಂಟ ಖರ್ಚಿನ ಬಾಬ್ತು. ಆ ಮೂರು ಬಾತ್‌ರೂಮುಗಳನ್ನು ತೊಳೆಯುವವರು ಯಾರು? ನನ್ನ ವಾರಗಿತ್ತಿ, ಅವಳ ಜೊತೆಗೆ ಲೈನಿನಿಂದ ಬರುವ ಒಬ್ಬ ಹೆಂಗಸು. ಫಿನಾಯಿಲು ಹಾಕಿ ಕಮೋಡು ಉಜ್ಜಿ ಮುಗಿಸಿ, ತಮ್ಮ ಕೆಲಸಕ್ಕೆ ಅವರಿಬ್ಬರೂ ಕೊಟ್ಟಿಗೆ ದಾಟಿಯೇ ಹೋಗಬೇಕು.

ಇನ್ನೊಂದು ತಮಾಷೆ ನೋಡಿ. ಮನೆಯ ಕಳೆ ನಿಜವಾಗಿ ಹೋದದ್ದು ಈ ಮೂರು ಬಾತ್‌ರೂಮುಗಳಿಂದಲೇ. ಮಣ್ಣಿನ ಗೋಡೆಗೆ ಉಸಿರಾಡಲು ಬಿಡಬೇಕು. ಅದು ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಅದರ ಹೊಟ್ಟೆ ಸೀಳಿ ನೀರಿನ ಪೈಪು ಹುದುಗಿಸಿ, ಮೇಲೆ ಸಿಮೆಂಟು ಬಳಿದು ಟೈಲ್ಸು ಅಂಟಿಸಿದರೆ ತೇವಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೆ ಹತ್ತುತ್ತದೆ. ಎರಡನೆಯ ಮಳೆಗಾಲಕ್ಕೆ ಆಚೆ ಬದಿಯ ಸುಣ್ಣ ಹಪ್ಪಳದಂತೆ ಎದ್ದಿತು, ಮೂರನೆಯದಕ್ಕೆ ಹಲಸಿನ ಕಂಬದ ಬುಡಕ್ಕೆ ಗೆದ್ದಲು. ಎಲ್ಲಿ ಸೋರುತ್ತಿದೆಯೆಂದು ನೋಡಲು ಪೈಪು ಕಣ್ಣಿಗೇ ಕಾಣುವುದಿಲ್ಲ. ಇದನ್ನು ಭಾವನವರಿಗೆ ತೋರಿಸಿದೆ. "ಈಗಿನ ಕಾಲಕ್ಕೆ ಅದೆಲ್ಲ ಬೇಕಾಗುತ್ತಮ್ಮ" ಎಂದರು!

ಹಳೆಯ ಮನೆಗೆ ಹೊಸ ಬಚ್ಚಲು ಮಾಡಿಸುವ ಕ್ರಮ ಬೇರೆಯೇ ಇದೆ, ಅದು ಕಷ್ಟವೂ ಅಲ್ಲ. ಇರುವ ಕೋಣೆ ಒಡೆಯಬಾರದು. ಹಿಂಬದಿಯ ಮಾಡನ್ನೇ ಒಂದಿಷ್ಟು ಮುಂದಕ್ಕೆ ಎಳೆದು, ಅದರ ಕೆಳಗೆ ಇಟ್ಟಿಗೆಯಲ್ಲಿ ಬೇರೆ ಗೋಡೆ ಎತ್ತಬೇಕು. ಮಣ್ಣಿನ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುವಷ್ಟು ಸಂದಿ, ಓಡಾಡಲು ಮಾತ್ರ ಒಂದು ಬಾಗಿಲು. ಪೈಪು ಗೋಡೆಯ ಹೊರಗೇ ಇರಲಿ, ಅಂದ ಕೆಟ್ಟರೆ ಕೆಡಲಿ. ಬಾಗಿಲು ಹೊರಕ್ಕೆ ತೆರೆಯಬೇಕು. ಗಾಲಿಕುರ್ಚಿ ಹೋಗುವಂತೆ ಮೂರು ಅಡಿ ಅಗಲ ಇರಬೇಕು. ಹೊಸ್ತಿಲು ಬೇಡವೇ ಬೇಡ, ನೀರು ಹೊರಗೆ ಬರದಂತೆ ನೆಲಕ್ಕೆ ಇಳಿಜಾರು ಕೊಟ್ಟರೆ ಸಾಕು. ಟೈಲ್ಸು ಒರಟಾಗಿರಲಿ. ಅಂಗಡಿಯವನು ಹೊಳೆಯುವುದನ್ನೇ ಮುಂದೆ ಮಾಡುತ್ತಾನೆ, ಅಲ್ಲಿಯೇ ಅದರ ಮೇಲೆ ಒಂದು ಲೋಟ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿ. ಕೂತು ಏಳುವ ಕಡೆ ಗೋಡೆಗೆ ಗಟ್ಟಿಯಾದ ಕಂಬಿ. ಟವೆಲ್ಲು ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಅದನ್ನು ನಂಬಿ ಬಿದ್ದವರು ಎಷ್ಟೋ ಜನ. ಕೂರುವ ಕಮೋಡನ್ನು ಮಂಡಿ ಬಗ್ಗದವರ ಪಾಲಿನ ವರವೆಂದೇ ನಾನು ತಿಳಿಯುತ್ತೇನೆ, ಅದಕ್ಕೆ ಮೂಗು ಮುರಿಯುವ ಮಡಿವಂತಿಕೆ ಸಾಕು. ವಾಸ್ತು ನೋಡುವವರನ್ನು ಕರೆಸಿದರೆ ಈಶಾನ್ಯದಲ್ಲಿ ಬೇಡ, ಅಲ್ಲಿ ಬೇಡ, ಇಲ್ಲಿ ಬೇಡವೆಂದು ಕೊನೆಗೆ ಕಕ್ಕಸನ್ನು ಮತ್ತೆ ಕೊಟ್ಟಿಗೆಯ ಹಿಂದಕ್ಕೇ ಕಳಿಸಿಬಿಡುತ್ತಾರೆ. ಮುದುಕರು ಮಲಗುವ ಕೋಣೆಯಿಂದ ಎಷ್ಟು ಹೆಜ್ಜೆ ಎಂಬುದೊಂದೇ ನನಗೆ ಗೊತ್ತಿರುವ ವಾಸ್ತು.

ಬಿಸಿನೀರಿನ ವಿಚಾರದಲ್ಲಿ ಮಾತ್ರ ನಾನು ಹಂಡೆಯ ಪಕ್ಷ. ಪೇಟೆಯವರು ಸೋಲಾರ್ ಹಾಕಿಸಿ ಎನ್ನುತ್ತಾರೆ. ಬಿಸಿನೀರು ತೀರಾ ಬೇಕಾಗುವ ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಸೂರ್ಯನ ದರ್ಶನವೇ ಅಪರೂಪ. ಕರೆಂಟಿನ ಗೀಸರಿಗೆ ಕರೆಂಟು ಬೇಕು. ಬಂದರೂ ಹಳೆಯ ಮನೆಯ ಸಣ್ಣ ತಂತಿ ಮೂರು ಕಿಲೋವಾಟಿನ ಇನ್‌ಸ್ಟಂಟ್ ಗೀಸರನ್ನು ತಾಳುವುದಿಲ್ಲ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಡ್ಡಿಯಂತೂ ಒದ್ದೆ ನೆಲದ ಮೇಲೆ ಯಮನ ದೂತ. ವೈರಿಂಗ್ ಬದಲಿಸಿ, ಅರ್ತಿಂಗ್ ಮಾಡಿಸಿ, ಸೋರುವ ಕರೆಂಟನ್ನು ತಕ್ಷಣ ಕಡಿಯುವ ಸ್ವಿಚ್ಚು ಹಾಕಿಸದೆ ಬಚ್ಚಲಿಗೆ ಕರೆಂಟು ತರಲೇಬಾರದು. ಗ್ಯಾಸ್ ಗೀಸರ್ ಸಲೀಸೆಂದು ಹಲವರು ಬಚ್ಚಲಿನ ಒಳಗೇ ಹಾಕಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಹೀಗೆ ಸ್ನಾನಕ್ಕೆ ಹೋದವರು ಹೆಣವಾದ ಸುದ್ದಿ ಎಷ್ಟು ಸಲ ಬಂದಿಲ್ಲ! ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತಾಗಿ ಪ್ರಾಣ ಹೋಗುತ್ತದೆ. ಆ ಗೀಸರು ಇರಬೇಕಾದದ್ದು ಗೋಡೆಯ ಆಚೆ, ಬಯಲು ಗಾಳಿಯಲ್ಲಿ. ಇದೇ ಮಾತು ನಮ್ಮ ನೀರೊಲೆಗೂ ಸಲ್ಲುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ನಿಗಿನಿಗಿ ಕೆಂಡ ಅದೇ ವಿಷವನ್ನು ಉಗುಳುತ್ತದೆ. ಹಳಬರು ಕೆಲವು ಮನೆಗಳಲ್ಲಿ ಒಲೆಯ ಬಾಯನ್ನು ಗೋಡೆಯ ಆಚೆಗಿಟ್ಟು ಹಂಡೆಯನ್ನು ಮಾತ್ರ ಒಳಗಿಟ್ಟಿದ್ದರು. ಅಂಥವರಿಗೆ ನನ್ನ ನಮಸ್ಕಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಹಳ್ಳಿಯ ಹೆಂಗಸರ ಕಣ್ಣುರಿಯನ್ನು ವಿಜ್ಞಾನದ ಸಮಸ್ಯೆಯೆಂದು ತಿಳಿದು ಅಸ್ತ್ರ ಒಲೆ ಮಾಡಿಕೊಟ್ಟರು: ಕಡಿಮೆ ಸೌದೆ, ಹೊಗೆ ಹೋಗಲು ಕೊಳವೆ. ಆ ತತ್ವವನ್ನೇ ನೀರೊಲೆಗೂ ಹಚ್ಚಿದರೆ ಕಾಫಿ ಗಿಡದ ಕಸಿ ಮಾಡಿದ ಕಡ್ಡಿ, ಸಿಲ್ವರ್ ಓಕಿನ ಸಣ್ಣ ರೆಂಬೆಗಳೇ ಹಂಡೆ ಕಾಯಿಸಲು ಸಾಕು.

ಹೊಲಸು ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಕಟ್ಟಿಸುವವರು ಯೋಚಿಸುವುದೇ ಇಲ್ಲ, ಕಣ್ಣ ಮುಂದಿನಿಂದ ಹೋದರಾಯಿತು. ನಮ್ಮ ಊರಿನವರಂತೂ ಯೋಚಿಸಲೇಬೇಕು. ಬಿಸಿಲೆಗೆ ಬರುವ ರಸ್ತೆಯಲ್ಲಿ ಒಂದು ದಿಣ್ಣೆಯಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ ಇಳಿದು ಕಾವೇರಿಯಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕುಕ್ಕೆಗೆ ಹೋದವರು ಭಕ್ತಿಯಿಂದ ಮುಳುಗೇಳುವ ಕುಮಾರಧಾರೆಗೆ ನಮ್ಮ ಘಟ್ಟದ ಹಳ್ಳಗಳೇ ತಾಯಿಬೇರು. ಮಳೆಗಾಲದಲ್ಲಿ ನಮ್ಮಲ್ಲಿ ಒಂದು ಗುದ್ದಲಿ ಹೊಡೆದಲ್ಲಿ ನೀರು. ಗುಂಡಿ ತೋಡಿ ಕಕ್ಕಸು ಬಿಟ್ಟರೆ ಅದು ಉಕ್ಕಿ ಹಳ್ಳಕ್ಕೇ ಸೇರುತ್ತದೆ. ಸ್ನಾನದ ನೀರನ್ನೂ ಕಕ್ಕಸಿನ ನೀರನ್ನೂ ಬೇರೆ ಮಾಡಬೇಕು. ಸ್ನಾನದ್ದು ಮೊದಲಿನ ಹಾಗೆ ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಹೋಗಲಿ. ಕಕ್ಕಸಿಗೆ ಎತ್ತರದ ಜಾಗದಲ್ಲಿ, ಬಾವಿಯಿಂದ ದೂರ, ಜೋಡಿ ಗುಂಡಿ. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಎರಡು ವರ್ಷದಲ್ಲಿ ಮೊದಲಿನದು ವಾಸನೆಯಿಲ್ಲದ ಗೊಬ್ಬರವಾಗಿರುತ್ತದೆ, ತೋಟಕ್ಕೆ ಹಾಕಬಹುದು. ದೊಡ್ಡ ಸೆಪ್ಟಿಕ್ ಟ್ಯಾಂಕು ಕಟ್ಟಿಸಿಕೊಂಡವರು ಅದು ತುಂಬಿದಾಗ ಏನು ಮಾಡುತ್ತಾರೆ? ಹೀರುವ ಲಾರಿ ನಮ್ಮ ಏರು ದಾರಿಗೆ ಹತ್ತುವುದಿಲ್ಲ. ಆಗ ಯಾರನ್ನೋ ಹುಡುಕಿ, ಕುಡಿಸಿ, ಒಳಗಿಳಿಸುವ ಯೋಚನೆ ಮಾಡುತ್ತಾರೆ. ಮಲ ಹೊರುವ ಪದ್ಧತಿಯನ್ನು ಈ ನಾಡಿನಲ್ಲಿ 1970ರ ದಶಕದಲ್ಲೇ ನಿಲ್ಲಿಸಹೊರಟವರು ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು. ದೇಶಕ್ಕೆ 1993ರಲ್ಲೊಂದು, 2013ರಲ್ಲೊಂದು ಕಾಯಿದೆ ಬಂತು. ರಕ್ಷಣೆಯಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು ಅಪರಾಧ. ನಮ್ಮ ಸೌಕರ್ಯಕ್ಕೆ ಇನ್ನೊಬ್ಬರ ಮಗನನ್ನು ಇಳಿಸುವ ಬಾತ್‌ರೂಮು ನನಗೆ ಬೇಡ.

ಲೈನಿನ ಮಾತು ಬಿಟ್ಟು ಬಚ್ಚಲಿನ ಮಾತು ಆಡುವುದೂ ಸರಿಯಲ್ಲ. 1951ರಷ್ಟು ಹಿಂದೆಯೇ ಬಂದ ತೋಟ ಕಾರ್ಮಿಕರ ಕಾಯಿದೆ, ತೋಟದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಕಕ್ಕಸು ಕಟ್ಟಿಸಿಕೊಡಬೇಕೆಂದು ಹೇಳಿತ್ತು. ಆ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ. ನಮ್ಮಂಥ ಸಣ್ಣ ತೋಟದವರು ಅದರ ಲೆಕ್ಕಕ್ಕೆ ಬರಲಿಲ್ಲ, ಬರದಿದ್ದದ್ದು ನಮ್ಮವರಿಗೆ ಅನುಕೂಲವೇ ಆಯಿತು. 2014ರಲ್ಲಿ ಸ್ವಚ್ಛ ಭಾರತ ಶುರುವಾಗಿ ಹನ್ನೆರಡು ಸಾವಿರ ರೂಪಾಯಿಯ ಕಕ್ಕಸುಗಳು ಎಲ್ಲ ಕಡೆ ಎದ್ದವು. ನಮ್ಮ ಲೈನಿಗೂ ಒಂದು ಬಂತು. ನೀರಿನ ನಲ್ಲಿ ಬರಲಿಲ್ಲ, ಹಾಗಾಗಿ ಈಗ ಅದರಲ್ಲಿ ಸೌದೆ ಒಣಗುತ್ತಿದೆ. ನೀರಿಲ್ಲದ ಕಕ್ಕಸಿಗೆ ಯಾವ ಹೆಂಗಸು ಕೊಡ ಹೊತ್ತುಕೊಂಡು ಹೋಗಬೇಕು? ಗೆಸ್ಟುಗಳ ಷವರಿಗೆ ಹೋಗುವ ಪೈಪಿಗೂ ಆ ಕಕ್ಕಸಿಗೂ ಇರುವ ದೂರ ಒಂದು ಸುರುಳಿ ಪೈಪಿನಷ್ಟು.

ಹಾಸನದಲ್ಲೋ ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ಕೂತು ಇದನ್ನು ಓದುವ ಅಕ್ಕತಂಗಿಯರೇ, ನಿಮಗೆ ಮನೆಯೊಳಗೇ ನಲ್ಲಿ, ಗೀಸರು ಇರಬಹುದು. ಆದರೆ ನಿಮಗ್ಯಾರಿಗೂ ಹಳೆಯ ಮನೆಯೊಂದು ಇಲ್ಲವೆನ್ನಬೇಡಿ. ತವರಿನದೋ, ಅತ್ತೆಮನೆಯದೋ, ಅಜ್ಜಿಯದೋ ಒಂದು ಇದ್ದೇ ಇರುತ್ತದೆ. ಅಲ್ಲಿ ಒಬ್ಬಳು ಮುದುಕಿ, "ನನಗ್ಯಾಕವ್ವ ಅದೆಲ್ಲ, ಇನ್ನೆಷ್ಟು ದಿನ ಇರ್ತೀನಿ" ಎನ್ನುತ್ತಲೇ ಇರುತ್ತಾಳೆ. ನನ್ನ ಅತ್ತೆಯೂ ಇಪ್ಪತ್ತು ವರ್ಷ ಹಾಗೇ ಅಂದರು. ಬೇಡವೆನ್ನುವುದನ್ನು ನಮ್ಮ ಹೆಂಗಸರಿಗೆ ಹಾಲುಣಿಸುವಾಗಲೇ ಕಲಿಸಿರುತ್ತಾರೆ. ಅದನ್ನು ನಂಬಿ ಸುಮ್ಮನಾಗುವುದು ಮಕ್ಕಳಿಗೆ ಬಹಳ ಸುಲಭ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಕಾಯಿದೆ ಬಂತು. ಪಾಲು ಕೇಳಿದರೆ ತವರು ಮುರಿದೀತೆಂದು ಸುಮ್ಮನಿದ್ದೀರಿ, ನನಗೂ ಅರ್ಥವಾಗುತ್ತದೆ. ಪಾಲು ಆಮೇಲಾಗಲಿ, ಅಮ್ಮನಿಗೆ ಬಚ್ಚಲು ಕೇಳಿ. ಮುಂದಿನ ಸಲ ಹೋದಾಗ ಅಣ್ಣತಮ್ಮಂದಿರ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವ ಮೊದಲು ಹಿಂಬದಿಗೆ ಹೋಗಿ ಆ ಕಲ್ಲಿನ ಮೇಲೆ ನಿಂತು ಬನ್ನಿ. ಹಂಪಿಯಲ್ಲಿ ರಾಣಿಯರ ಸ್ನಾನಗೃಹವೆಂದು ಮಕ್ಕಳಿಗೆ ತೋರಿಸುತ್ತೇವಲ್ಲ, ನಡುವೆ ಕೊಳ, ಸುತ್ತ ಕಮಾನು, ಚಾಚಿಕೊಂಡ ಮೊಗಸಾಲೆ! ಅಷ್ಟೆಲ್ಲ ಯಾರು ಕೇಳಿದರು? ಎರಡು ಕಂಬಿ, ಒಂದು ದೀಪ, ಹೊರಕ್ಕೆ ತೆರೆಯುವ ಒಂದು ಬಾಗಿಲು.

ಆಪರೇಷನ್ನಿನ ನಂತರ ಅತ್ತೆ ಈಗ ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುತ್ತಾರೆ. ಅವರ ಕೋಣೆಯ ಹಿಂದೆ ಮಾಡು ಎಳೆಯಲು ಜಾಗ ಗುರುತು ಮಾಡಿಯಾಗಿದೆ. ದುಡ್ಡಿಗೆ ನಾನು ಮೆಣಸು ಮಾರಿದ್ದೂ, ನನ್ನ ನಾದಿನಿಯರಿಬ್ಬರು ಕಳಿಸಿದ್ದೂ ಸೇರಿದೆ. ಭಾವನವರು ನಕ್ಷೆ ನೋಡಿ, ಹೊರಗಿನಿಂದ ಹಳೆಯ ಮನೆಯ ಹಾಗೇ ಕಾಣಬೇಕೆಂದು ಹೇಳಿ ಕಳಿಸಿದ್ದಾರೆ, ಕಾಣುತ್ತದೆ. ಮೈದುನ ಇನ್ನೂ ಪೂರ್ತಿ ಒಪ್ಪಿಲ್ಲ. ಅದೇ ಖರ್ಚಿಗೆ ನಾಲ್ಕನೆಯ ಗೆಸ್ಟ್ ರೂಮು ಆಗುತ್ತಿತ್ತಂತೆ. ಮೊನ್ನೆ ಮೇಸ್ತ್ರಿ ಅಳತೆಗೆ ಬಂದಾಗ ಗೋಡೆಯ ಕಂಬಿ ಎಷ್ಟು ಎತ್ತರಕ್ಕಿರಬೇಕೆಂದು ನನ್ನನ್ನು ಕೇಳಿದ. ಅತ್ತೆಯನ್ನೇ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಎದ್ದು ನಿಲ್ಲಿಸಿ, ಅವರ ಕೈ ತಾನಾಗಿ ಗೋಡೆಗೆ ಊರಿದಲ್ಲಿ ಇದ್ದಿಲಿನಿಂದ ಗೆರೆ ಎಳೆಸಿದೆ. "ಇನ್ನೊಂಚೂರು ಕೆಳಗಿರಲಿ ಕಣಪ್ಪ, ನಾನು ಕುಳ್ಳಿ" ಎಂದರು ಅತ್ತೆ. ಮೇಸ್ತ್ರಿ ಮೊದಲ ಗೆರೆ ಒರೆಸಿ ಕೆಳಗೊಂದು ಎಳೆದ. ಮಳೆ ಹಿಡಿಯಲು ಇನ್ನು ಏಳು ವಾರವಿದೆ. ಇಟ್ಟಿಗೆ ನಾಳಿದ್ದು ಬರುತ್ತದೆ.